ಶಾಲು ಹೊದಿಸುವ ದಿನಕ್ಕೆ ಕಾಯದೆ

ನಮ್ಮ ಕಚೇರಿ, ಶಾಲೆ, ಬ್ಯಾಂಕುಗಳಲ್ಲಿ ಜೊತೆಗಾರರ ಒಳ್ಳೆಯತನವನ್ನು ಬಾಯಿಬಿಟ್ಟು ಹೇಳಲು ಒಂದೇ ದಿನ ಗೊತ್ತುಮಾಡಿಕೊಂಡಿದ್ದೇವೆ. ಅದು ಅವರು ನಿವೃತ್ತರಾಗುವ ದಿನ. ಹೊಸಪೇಟೆಯಲ್ಲಿ ಇಂಥ ಬೀಳ್ಕೊಡುಗೆಗಳಿಗೆ ಸಾಕಷ್ಟು ಹೋಗಿದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಒಬ್ಬೊಬ್ಬರೇ ಎದ್ದು ಮಾತಾಡುತ್ತಾರೆ. ಹೊಸದಾಗಿ ಸೇರಿದಾಗ ಪಕ್ಕದಲ್ಲಿ ಕೂರಿಸಿಕೊಂಡು ಟಪಾಲು ವಹಿ ಬರೆಯಲು ಕಲಿಸಿದ್ದು, ಮಗುವಿಗೆ ಜ್ವರ ಬಂದ ದಿನ ತನ್ನ ಬದಲು ಕೌಂಟರಿನಲ್ಲಿ ಕೂತದ್ದು, ಎಲ್ಲ ಆಗ ಹೊರಬೀಳುತ್ತದೆ. ಕೇಳುತ್ತಿರುವವರು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನಾಳೆಯಿಂದ ಆ ಕುರ್ಚಿಗೆ ಬಾರದವರ ಕೆಲಸದ ದಿನಗಳನ್ನು ಅದು ಹಗುರ ಮಾಡಲಾರದು. ಈ ಪದ್ಧತಿಯ ದೊಡ್ಡ ಕೊರತೆ ಇದೇ.

ದೊಡ್ಡ ಸಾಹಸಗಳನ್ನು ಗುರುತಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಭೋರ್ಗರೆಯುವ ನೀರಿಗೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ಹರಿವನ್ನು ತಡೆದರು. ನಾಡೆಲ್ಲ ಕೊಂಡಾಡಿತು, ಕೊಂಡಾಡಲೇಬೇಕಿತ್ತು. ಆದರೆ ಅಂಥ ಗಂಡಾಂತರ ದಿನವೂ ಬರುವುದಿಲ್ಲ. ಕೆಲಸಕ್ಕೆ ಮಾತ್ರ ದಿನವೂ ಹೋಗಬೇಕು.

ದಿನದ ಸಣ್ಣ ನೆರವುಗಳ ಮೇಲೆ ಕಣ್ಣಿಟ್ಟರೆ ಏನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಜಪಾನಿನಲ್ಲಿ ಕೇಕೊ ಒಟಾಕೆ ಮತ್ತು ಸಂಗಡಿಗರು, ತಾವು ಮಾಡಿದ ಉಪಕಾರಗಳನ್ನು ಒಂದು ವಾರ ಬರೀ ಎಣಿಸಿಕೊಂಡವರ ಸಂತೋಷ ಹೆಚ್ಚಿತೆಂದು 2006ರಲ್ಲಿ ವರದಿ ಮಾಡಿದರು. ಮ್ಯಾಡ್ರಿಡ್‌ನ ಕೋಕಾ ಕೋಲಾ ಕಚೇರಿಯಲ್ಲಿ ಕೆಲವು ನೌಕರರು, ಗೊತ್ತುಮಾಡಿದ ಸಹೋದ್ಯೋಗಿಗಳಿಗೆ ನಾಲ್ಕು ವಾರ ಸಣ್ಣಪುಟ್ಟ ಉಪಕಾರ ಮಾಡಿದರು. ಮಾಡಿದವರಿಗೆ ಕೆಲಸದಲ್ಲಿ ತೃಪ್ತಿ ಹೆಚ್ಚಿತು. ಪಡೆದವರು ಇನ್ನೊಬ್ಬರಿಗೆ ನೆರವಾಗುವುದೂ ಹೆಚ್ಚಿತು. 2018ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಮೆಚ್ಚುಗೆಯೇ. ಒಂದೇ ತಕರಾರು: ಅಲ್ಲಿ ಒಳ್ಳೆಯತನವನ್ನು ಕೆಲಸದಂತೆ ಹಂಚಿಕೊಡಲಾಗಿತ್ತು. ಯಾರೂ ಹೇಳದೆ ನಡೆಯುವ ಒಳ್ಳೆಯತನ ಕಣ್ಣಿಗೆ ಬೀಳುವುದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರಕ್ಕೆ ಕಂಪ್ಲಿಯ ಗದ್ದೆಗೆ ಹೋಗಬೇಕು. ಕಾಲುವೆಗೆ ನೀರು ಬಿಟ್ಟ ಮೇಲೆ ಅಲ್ಲಿ ಭತ್ತದ ನಾಟಿ ಶುರು. ಹೆಣ್ಣುಮಕ್ಕಳ ಗುಂಪು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು, ಬಂದದ್ದನ್ನು ಸಮನಾಗಿ ಹಂಚಿಕೊಳ್ಳುತ್ತದೆ. ಬರೀ ದುಡ್ಡಿನ ಲೆಕ್ಕ ಹಿಡಿದರೆ, ಕೈ ನಿಧಾನವಾದವರನ್ನು ಗುಂಪಿನಿಂದ ಬಿಡಬೇಕು. ಅವರ ನಿಧಾನ ಎಲ್ಲರ ಕೂಲಿಗೂ ಕುತ್ತು. ಆದರೂ ಮಂಡಿನೋವಿನ ಹಿರಿಯಾಕೆ ಸಾಲಿನಲ್ಲಿ ಇದ್ದೇ ಇರುತ್ತಾರೆ. ಅವರು ಹಿಂದೆ ಬಿದ್ದದ್ದನ್ನು ಓರೆಗಣ್ಣಲ್ಲೇ ಕಂಡ ಪಕ್ಕದಾಕೆ, "ಯಕ್ಕಾ, ನೀ ಸಾವಕಾಶ ಬಾ, ಈ ಕಡೀದು ನಾ ಹಚ್ತೀನಿ" ಎಂದು ಅವರ ಪಾಲಿನ ಒಂದಷ್ಟು ಅಗಲವನ್ನು ತನ್ನ ಕಡೆ ಎಳೆದುಕೊಂಡು ನೆಡುತ್ತಾಳೆ. ಬಗ್ಗಿದ ಬೆನ್ನು ಎತ್ತುವುದಿಲ್ಲ, ಕೈಯಲ್ಲಿನ ಸಸಿಯ ಹಿಡಿ ನಿಲ್ಲುವುದಿಲ್ಲ. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಆ ಹಿರಿಯಾಕೆಯೇ ಎಲ್ಲರಿಗೂ ಕೇಳುವಂತೆ, "ಇವತ್ತು ನನ್ ಪಾಲೂ ಈಕೀನೇ ಹಚ್ಚಿದ್ಲು ನೋಡ್ರವ್ವಾ" ಅನ್ನುತ್ತಾರೆ. ಒಂದು ಚಟ್ನಿಪುಡಿ ರೊಟ್ಟಿ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ, ಮಾತು ಬೇರೆಡೆ ಹೊರಳುತ್ತದೆ.

ಬೀಳ್ಕೊಡುಗೆಯ ಭಾಷಣಕ್ಕಿಂತ ಈ ಒಂದು ಮಾತನ್ನು ನಾನು ಮೇಲೆಂದು ಬಗೆಯುತ್ತೇನೆ. ಇಂಥದ್ದನ್ನೇ ಮಾಡಿದಳು ಎಂದು ಬೆರಳಿಟ್ಟು ತೋರಿಸಿತು. ಅದೇ ದಿನ ಬಂತು. ಅದೇ ಕೆಸರಿನಲ್ಲಿ ನಿಂತವರ ಎದುರು ಬಂತು; ಆ ನೆರವಿನ ತೂಕ ಎಷ್ಟೆಂದು ಅವರಷ್ಟು ಬಲ್ಲವರು ಯಾರು?

ಇಂಥ ನೆರವನ್ನು ಕಾಣುವಲ್ಲಿ ನಮ್ಮ ನೋಟ ಎಲ್ಲಿಗೆ ನಿಲ್ಲುತ್ತದೆ ಎಂಬುದು ಸಂಡೂರಿನ ಲಂಬಾಣಿ ಕಸೂತಿಯ ವಿಷಯದಲ್ಲಿ ಕಾಣುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ ಚೂರು, ಕವಡೆ, ಕೆಂಪು ನೀಲಿ ಬಟ್ಟೆಯ ಆ ಕೆಲಸಕ್ಕೆ ಯಾವ ಗೌರವವೂ ಹೆಚ್ಚಲ್ಲ. ಆದರೆ ದಾಖಲೆ ಎಣಿಸಬಲ್ಲದ್ದು ಮುಗಿದ ವಸ್ತುವನ್ನು. ಕಣ್ಣು ಮಂಜಾದ ಅತ್ತೆಗೆ ಸೂಜಿಗೆ ದಾರ ಪೋಣಿಸಿಕೊಡುವ ಹುಡುಗಿಯ ಕೈ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಹೆಂಗಸರು ಮಾಡುವ ನೆರವಂತೂ ಅವರ ಸ್ವಭಾವವೇ ಎಂದು ಬದಿಗೆ ಸರಿಯುತ್ತದೆ. ಕಚೇರಿಯಲ್ಲೂ ಅಷ್ಟೇ: ಹೊಸಬರನ್ನು ಸಂಭಾಳಿಸುವವರು, ಅಳುತ್ತಿರುವವರನ್ನು ಆಚೆ ಕರೆದೊಯ್ದು ನೀರು ಕೊಡುವವರು ಬಹಳ ಸಲ ಅವರೇ. ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.

ನೆರವನ್ನು ಅಂದಂದೇ ಹೆಸರು ಹಿಡಿದು ಹೇಳುವ ರೂಢಿಗೆ ಅಪಾಯಗಳೂ ಇವೆ. ಒಳ್ಳೆಯವರೆಂದು ಗುರುತಾದವರ ತಲೆಗೇ ಮತ್ತಷ್ಟು ಕೆಲಸ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ತಡವಾಗಿ ಉಳಿಯುವವರೇ ಪ್ರತಿ ಸಲವೂ ಉಳಿಯಬೇಕಾಗುತ್ತದೆ. ಅವರನ್ನು ಗಮನಿಸಿದ್ದು ನಿಜವಾಗಿದ್ದರೆ ಹೊರೆ ಹಂಚಿಕೆಯಾಗಬೇಕು. ಇನ್ನು ಕೂಲಿಯ ದರ ಏರಿಸದ ಮಾಲೀಕ ಬರೀ ಹೊಗಳಿದರೆ, ಆ ಹೊಗಳಿಕೆಯನ್ನು ಒಪ್ಪಿಕೊಳ್ಳಬೇಕಾಗಿಲ್ಲ. ತಿಂಗಳಿಗೊಬ್ಬ ಉತ್ತಮ ನೌಕರನ ಫೋಟೊ ಗೋಡೆಗೆ ಹಾಕುವುದೂ ಇದಕ್ಕೆ ಬದಲಿಯಲ್ಲ. ಅದು ಮೇಲಿನಿಂದ ಬರುವ ಆಯ್ಕೆ, ಉಳಿದವರನ್ನು ಸೋತವರನ್ನಾಗಿ ಮಾಡುತ್ತದೆ.

ಗಣಿ, ಕಾರ್ಖಾನೆಗಳಲ್ಲಿ ಪಾಳಿ ಶುರುವಾಗುವ ಮುನ್ನ ಎಲ್ಲರನ್ನೂ ನಿಲ್ಲಿಸಿ ಸುರಕ್ಷತೆಯ ಮಾತು ಹೇಳುವ ರೂಢಿ ಇದೆ. ಸಂಡೂರಿನ ಗಣಿಗಳಿಂದ ತೋರಣಗಲ್ಲಿನ ಕಾರ್ಖಾನೆಗಳವರೆಗೆ, ಜೊತೆಗಾರರ ನೆರವನ್ನು ಬಾಯಿಬಿಟ್ಟು ಹೇಳುವುದನ್ನು ಆರಂಭಿಸಲು ಅದಕ್ಕಿಂತ ತಕ್ಕ ಹೊತ್ತು ಇನ್ನೊಂದಿಲ್ಲ. ಹಿಂದಕ್ಕೆ ಬರುತ್ತಿದ್ದ ಟಿಪ್ಪರ್ ಕಂಡು ನಿನ್ನೆ ಯಾರು ಯಾರನ್ನು ಕೂಗಿ ಎಚ್ಚರಿಸಿದರು ಎಂಬುದನ್ನು ಅಲ್ಲಿ ಹೆಸರು ಹಿಡಿದು ಹೇಳಬಹುದು. ಮೇಸ್ತ್ರಿ ಹೇಳುವುದು ಬೇಡ, ಉಳಿದುಕೊಂಡವನೇ ಹೇಳಲಿ.