ವ್ಯಸನ, ಅರೋಚಕ, ಭಸ್ಮಕ: ಮೂರು ರೋಗನಾಮಗಳ ವಿಮರ್ಶೆ

ಮದ್ಯಾದಿ ದ್ರವ್ಯಗಳ ಸೇವನೆಯಿಂದುಂಟಾಗುವ ಮನೋವಿಕಾರಗಳನ್ನೂ, ಆಹಾರಕ್ಕೆ ಸಂಬಂಧಿಸಿದ ಮನೋವಿಕಾರಗಳನ್ನೂ ಕುರಿತು ಕನ್ನಡದಲ್ಲಿ ಬರೆಯುವವರಲ್ಲಿ ಕೆಲವರು ಆಂಗ್ಲನಾಮಗಳನ್ನು ಹಾಗೆಯೇ ಇಡುವರು. ಕೆಲವರು ಪ್ರಾಚೀನ ವೈದ್ಯಗ್ರಂಥಗಳ ಹೆಸರುಗಳನ್ನು ತಂದು ಜೋಡಿಸುವರು. ಎರಡನೆಯ ಮಾರ್ಗವು ನಮಗೆ ಪ್ರಿಯವಾದುದೇ. ಆದರೆ ಹೆಸರು ಹೊಂದಿದ ಮಾತ್ರಕ್ಕೆ ಅರ್ಥವೂ ಹೊಂದಿತೆಂದು ತಿಳಿಯಲಾಗದು. ಇಲ್ಲಿ ಶಬ್ದವು ದಾರಿ ತಪ್ಪಿದರೆ ಚಿಕಿತ್ಸೆಯೂ ದಾರಿ ತಪ್ಪುವುದಾದುದರಿಂದ, ಮೂರು ಶಬ್ದಗಳನ್ನು ವಿಚಾರಿಸುವುದು ಅವಶ್ಯವಾಗಿದೆ.

ಮೊದಲನೆಯದು 'ವ್ಯಸನ'. ಮನುಸ್ಮೃತಿಯ 7ನೆಯ ಅಧ್ಯಾಯದಲ್ಲಿ ಕಾಮಜಗಳು 10, ಕ್ರೋಧಜಗಳು 8, ಒಟ್ಟು 18 ವ್ಯಸನಗಳು ಎಣಿಸಲ್ಪಟ್ಟಿವೆ. ಮದ್ಯಪಾನವು ಮೃಗಯಾ ದ್ಯೂತಾದಿಗಳೊಡನೆ ಕಾಮಜವರ್ಗಕ್ಕೆ ಸೇರಿದೆ. ಪುರುಷನನ್ನು ಶ್ರೇಯಸ್ಸಿನಿಂದ ದೂರ ಎಸೆಯುವುದು ವ್ಯಸನವೆಂದು ಕೌಟಿಲ್ಯನು ನಿರ್ವಚನ ಮಾಡುವನು. ಇವೆರಡೂ ರಾಜಧರ್ಮದ ಪ್ರಕರಣಗಳು. ದೋಷಗಣನೆಯೇ ಅಲ್ಲಿ ಪ್ರಧಾನ. ವೈದ್ಯರ ಶಬ್ದ ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು 'ಮದಾತ್ಯಯ'ವೆಂಬ ಹೆಸರಿನಿಂದ ಅದಕ್ಕೆ ಲಕ್ಷಣವನ್ನೂ ಚಿಕಿತ್ಸೆಯನ್ನೂ ಹೇಳುವುದು. ಅಮೆರಿಕದ ಮನೋವೈದ್ಯಸಂಘವು 2013ರ ತನ್ನ ರೋಗನಿರ್ಣಯಗ್ರಂಥದಲ್ಲಿ 'ದುರುಪಯೋಗ', 'ಅವಲಂಬನ'ಗಳೆಂಬ ಭೇದವನ್ನು ಬಿಟ್ಟು, 12 ತಿಂಗಳೊಳಗೆ 11 ಲಕ್ಷಣಗಳಲ್ಲಿ ಕನಿಷ್ಠ 2 ಕಂಡರೆ ಅದನ್ನು ರೋಗವೆಂದು ಗಣಿಸಿ, ಲಕ್ಷಣಗಳ ಸಂಖ್ಯೆಯಂತೆ ತಾರತಮ್ಯವನ್ನು ಹೇಳಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಅಧಿನಿಯಮವೂ ಮದ್ಯ ಮತ್ತು ಮಾದಕದ್ರವ್ಯಗಳ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ಲಕ್ಷಣವಾಕ್ಯದಲ್ಲಿಯೇ ಸೇರಿಸಿದೆ. ಹೀಗಿರಲು ರೋಗಿಯನ್ನು 'ವ್ಯಸನಿ', 'ದುಶ್ಚಟದವನು' ಎಂದು ಕರೆದರೆ ವೈದ್ಯನ ಬಾಯಲ್ಲಿ ದಂಡಾಧಿಕಾರಿಯ ಮಾತು ಬಂದಂತಾಗುವುದು. ಅದನ್ನು ಕೇಳಿದವನು ಆಸ್ಪತ್ರೆಯ ಮೆಟ್ಟಿಲನ್ನು ಹತ್ತಲು ನಾಚುವನು.

ಮದಾತ್ಯಯಪ್ರಕರಣವನ್ನಾದರೂ ಎಚ್ಚರದಿಂದ ಓದಬೇಕು. ಅಲ್ಲಿಯ 'ಧ್ವಂಸಕ'ವನ್ನು ಕುಡಿತವನ್ನು ತಟ್ಟನೆ ಬಿಟ್ಟಾಗ ಬರುವ ವಿಕಾರವೆಂದು ವಿವರಿಸಿದರೆ ಅದು ಮೂಲಕ್ಕೆ ವಿರುದ್ಧ. ಬಿಟ್ಟಿದ್ದವನು ಮತ್ತೆ ಸಹಸಾ ಅತಿಯಾಗಿ ಕುಡಿದಾಗ ಬರುವುದೇ ಧ್ವಂಸಕ. ಬಹುಕಾಲ ಕುಡಿದವನು ತಟ್ಟನೆ ಬಿಟ್ಟಾಗ ತೋರಬಹುದಾದ ನಡುಕ, ಸೆಳವು, ಸನ್ನಿಗಳು ಬೇರೆ. ಅವು ಪ್ರಾಣಾಂತಕವೂ ಆಗಬಲ್ಲವು. ಇದಕ್ಕೆ ಸಮೀಪವಾದ ಉಪದೇಶವು ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿದೆ: ಅಭ್ಯಾಸವಾದ ಅಹಿತವನ್ನು ಪಾದಾಂಶಕ್ರಮದಿಂದ ಬಿಡಬೇಕು. ಇಂದಿನ ವೈದ್ಯರು ಮದ್ಯಕ್ಕೆ ಬದಲಾಗಿ ಶಮನೌಷಧವನ್ನು ಕೊಟ್ಟು ದಿನಕ್ರಮದಿಂದ ತಗ್ಗಿಸುವುದರಲ್ಲಿಯೂ ಈ ನ್ಯಾಯವೇ ಕಾಣುವುದು.

ಎರಡನೆಯದು 'ಅರೋಚಕ'. 1873ರಲ್ಲಿ ಪ್ಯಾರಿಸಿನ ಲಾಸೇಗ್, ಲಂಡನ್ನಿನ ವಿಲಿಯಂ ಗಲ್ ಇವರು ಪ್ರತ್ಯೇಕವಾಗಿ ವರ್ಣಿಸಿದ ರೋಗಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರು ನಿಂತಿತು. ಆ ಗ್ರೀಕ್ ಶಬ್ದಕ್ಕೆ ಹಸಿವಿಲ್ಲದಿರುವುದೆಂದರ್ಥ. ವಾಸ್ತವದಲ್ಲಿ ಅನೇಕ ರೋಗಿಗಳಿಗೆ ಹಸಿವಿರುವುದು. ದಪ್ಪಗಾದೇನೆಂಬ ಭಯವು ಅದನ್ನು ತಡೆಯುವುದು. ಚರಕನು ಮಾನಸಿಕವಾದ ಅರೋಚಕವನ್ನೂ ಹೇಳಿರುವನಾದರೂ ಅದು ಅರುಚಿಯೇ. ಆದುದರಿಂದ 'ಅರೋಚಕ'ವೆಂದರೆ ಗ್ರೀಕ್ ಹೆಸರಿನ ದೋಷವನ್ನೇ ಕನ್ನಡಕ್ಕೆ ತಂದಂತಾಗುವುದು; ಮನೆಯವರು ಮಗಳಿಗೆ ದೀಪನೌಷಧವನ್ನು ಕುಡಿಸುತ್ತ ಕಾಲ ಕಳೆಯುವರು.

ಮೂರನೆಯದು 'ಭಸ್ಮಕ'. ಜಠರಾಗ್ನಿಯು ಮಿತಿಮೀರಿ ಉಂಡುದನ್ನೆಲ್ಲ ಸುಡುವ ಅವಸ್ಥೆಯದು. 1979ರಲ್ಲಿ ಜೆರಾಲ್ಡ್ ರಸೆಲ್ ನಿರೂಪಿಸಿದ 'ಬುಲಿಮಿಯಾ ನರ್ವೋಸಾ'ದಲ್ಲಿಯಾದರೋ ರೋಗಿಯು ತಡೆಯಿಲ್ಲದೆ ಉಂಡು, ಬಳಿಕ ವಮನ ಉಪವಾಸಾದಿಗಳಿಂದ ಅದನ್ನು ಕಳೆಯಲೆಳಸುವನು. ಅಗ್ನಿಗೂ ಇದಕ್ಕೂ ಸಂಬಂಧವಿಲ್ಲ. 'ಸ್ಥೌಲ್ಯಭೀತಿಜ ಅನಶನ', 'ಅತಿಭೋಜನ-ಶೋಧನವಿಕಾರ' ಎಂಬ ಹೆಸರುಗಳು ಉದ್ದವಾದರೂ ರೋಗವನ್ನು ಸರಿಯಾಗಿ ತೋರುವುವು.

ಈ ವಿಕಾರಗಳೂ ಮದ್ಯಾದಿಗಳ ಅಭ್ಯಾಸವೂ ಒಬ್ಬನಲ್ಲಿಯೇ ಕೂಡುವುದುಂಟು. ಒಂದನ್ನು ಕಂಡ ವೈದ್ಯನು ಮತ್ತೊಂದನ್ನೂ ವಿಚಾರಿಸಬೇಕು. ಆತುರವು ಎರಡರಲ್ಲಿಯೂ ಹಾನಿಕರ. ಬಹುಕಾಲ ಉಪವಾಸದಿಂದ ಕೃಶನಾದವನಿಗೆ ಒಮ್ಮೆಲೆ ಹೆಚ್ಚು ಆಹಾರವನ್ನು ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಗ್ಗಿ ಹೃದಯಕ್ಕೆ ಅಪಾಯವೊದಗಬಹುದು. ಚರಕನ ಕ್ರಮೋಪದೇಶವು ಇಲ್ಲಿಯೂ ಸ್ಮರಣೀಯ. ಪೂರ್ವಾಚಾರ್ಯರಿಂದ ಹೆಸರನ್ನು ಎರವು ಪಡೆಯುವವರು ಅವರು ಲಕ್ಷಣವನ್ನು ನೋಡಿ ಹೆಸರಿಟ್ಟ ರೀತಿಯನ್ನೂ ಸ್ವೀಕರಿಸಬೇಕು. ಪರಿಭಾಷೆಯನ್ನು ರಚಿಸುವ ವಿದ್ವಾಂಸರೂ ಅದನ್ನು ಪಾಠ ಹೇಳುವ ಉಪಾಧ್ಯಾಯರೂ ಇದನ್ನು ಪರಾಮರ್ಶಿಸಬೇಕೆಂದು ವಿಜ್ಞಾಪನೆ.