ಬರಲಿರುವ ಹೊಸತು

ನಮ್ಮತ್ತೆಯವರಿಗೆ ನೂರಾರು ಹಾಡು ಬರುತ್ತಿದ್ದವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿಡೋಣವೆಂದು ಕೂತೆ. ‘ನುಡಿ’ಯಲ್ಲಿ ನನ್ನ ಬೆರಳು ಚೆನ್ನಾಗಿಯೇ ಕುದುರಿತ್ತು. ಹನ್ನೆರಡು ಹಾಡು ಮುಗಿದಿದ್ದವು. ಆಗ ಮಗ ಹೇಳಿದ: “ಸ್ವಲ್ಪ ತಡಿಯಮ್ಮ. ಹೊಸ ವರ್ಷನ್ ಬಂದ್ರೆ ಅಜ್ಜಿ ಹಾಡಿದ್ದನ್ನ ಅದೇ ಬರ್ಕೊಳ್ಳತ್ತೆ.”

ತಡೆದೆ.

ಹೀಗೆ ತಡೆದವಳು ನಾನೊಬ್ಬಳೇ ಅಲ್ಲ. ಆಡಂ ಆಸ್ಬರ್ನ್ ಎಂಬಾತ ಬಾಲ್ಯವನ್ನು ತಮಿಳುನಾಡಿನಲ್ಲಿ ಕಳೆದವನು. 1981ರಲ್ಲಿ ಅಮೆರಿಕದಲ್ಲಿ ಹೊತ್ತೊಯ್ಯಬಹುದಾದ ಕಂಪ್ಯೂಟರ್ ಮಾಡಿ ಮಾರಿದ. ತೂಕ ಸುಮಾರು 11 ಕಿಲೋ, ಪರದೆ 5 ಇಂಚು, ಬೆಲೆ 1,795 ಡಾಲರ್. ಪತ್ರ ಬರೆಯುವ, ಲೆಕ್ಕ ಮಾಡುವ ತಂತ್ರಾಂಶಗಳೂ ಜೊತೆಗೇ ಸಿಗುತ್ತಿದ್ದವು. ಆಮೇಲೆ, ಇದಕ್ಕಿಂತ ಒಳ್ಳೆಯದು ಬರಲಿದೆ ಎಂದು ಮೊದಲೇ ಸಾರಿಬಿಟ್ಟನಂತೆ. ಕೊಳ್ಳುವವರು ಕೈಕಟ್ಟಿ ಕೂತರು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಪೈಪೋಟಿ, ಕೆಟ್ಟ ಆಡಳಿತಗಳೂ ಕಾರಣ ಎನ್ನುವವರಿದ್ದಾರೆ. ಆದರೂ ‘ಆಸ್ಬರ್ನ್ ಪರಿಣಾಮ’ ಎಂಬ ಮಾತು ಉಳಿದುಕೊಂಡಿತು.

ದೊಡ್ಡವರೂ ಕಡಿಮೆಯಿಲ್ಲ. ಮುಂದಿನ ವಿಂಡೋಸ್‌ನಲ್ಲಿ ಕಡತಗಳನ್ನು ಜೋಡಿಸಿಡುವ ರೀತಿಯೇ ಬದಲಾಗುವುದೆಂದು ಮೈಕ್ರೋಸಾಫ್ಟ್ 2003ರಲ್ಲಿ ಸಾರಿತು. ಅದರ ಹೆಸರು ವಿನ್‌ಎಫ್‌ಎಸ್. ಮರುವರ್ಷವೇ ಅದನ್ನು ಕೈಬಿಟ್ಟರು. 2007ರ ಜನವರಿಯಲ್ಲಿ ವಿಸ್ಟಾ ಅಂಗಡಿಗೆ ಬಂದಾಗ ಅದರಲ್ಲಿ ವಿನ್‌ಎಫ್‌ಎಸ್ ಇರಲಿಲ್ಲ. ಇಷ್ಟೊಂದು ಮೊದಲೇ ಡಂಗುರ ಏಕೆ? ನಾಳೆಯದನ್ನು ಇಂದೇ ತೋರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವುದಿಲ್ಲ, ಅಷ್ಟೇ. ಕಾಯುವುದರಿಂದ ಲಾಭ ಅವರಿಗೆ, ಖರ್ಚಾಗುವ ದಿನಗಳು ನಮ್ಮವು.

ಹೊಸದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒರಳು ಬಿಟ್ಟು ಗ್ರೈಂಡರ್ ಹಿಡಿದವರು ನಾವೇ. ಆದರೆ ಗ್ರೈಂಡರ್ ಬರುತ್ತದೆಂದು ಯಾರೂ ಆ ದಿನದ ಹಿಟ್ಟು ರುಬ್ಬುವುದನ್ನು ನಿಲ್ಲಿಸಲಿಲ್ಲ. ಮಕ್ಕಳಿಗೆ ಬೆಳಿಗ್ಗೆ ದೋಸೆ ಬೇಕಿತ್ತು. ಅಡುಗೆಮನೆಯಲ್ಲಿದ್ದ ಈ ವಿವೇಕ ಕಂಪ್ಯೂಟರಿನ ಮುಂದೆ ಕೂತಾಗ ಎಲ್ಲಿ ಹೋಯಿತೋ!

ಮಗ ಹೇಳಿದ್ದು ಸುಳ್ಳಾಗಲಿಲ್ಲ. ಈಗ ನನ್ನ ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರ ಮಾಡಿಕೊಡುತ್ತದೆ. ಅಲ್ಲಲ್ಲಿ ತಪ್ಪುತ್ತದೆ, ತಿದ್ದಬಹುದು. ಆದರೆ ಅದು ಬರುವಷ್ಟರಲ್ಲಿ ಅತ್ತೆಯವರು ಹೋಗಿಬಿಟ್ಟಿದ್ದರು. ಧ್ವನಿಯನ್ನಾದರೂ ಹಿಡಿದಿಡಬಹುದಿತ್ತು. ಹೇಗೂ ಎಲ್ಲ ಒಟ್ಟಿಗೇ ಆಗುತ್ತದಲ್ಲ ಎಂದು ಅದನ್ನೂ ಮುಂದೂಡಿದ್ದೆ.

ನನ್ನ ಬಳಿ ಹನ್ನೆರಡು ಹಾಡುಗಳಿವೆ. ಹಳೆಯ ‘ನುಡಿ’ಯಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದವು.