ಕೋಟೆಗೆ ಕೆಂಪು, ತೋಟಕ್ಕೆ ಕಪ್ಪು

ಅವಕೆಂಪು ಫಿಲ್ಮು ಕೈಗೆ ಬಂದವರು ಮೊದಲು ಕೇಳುವುದು ಯಾವ ಫಿಲ್ಟರ್ ಕೊಳ್ಳಲಿ ಎಂದು. ಫಿಲ್ಮಿನ ಎಲ್ಲೆ ಗೊತ್ತಿಲ್ಲದೆ ಇದಕ್ಕೆ ಉತ್ತರವಿಲ್ಲ. ಇಲ್‌ಫೋರ್ಡ್ ಎಸ್‌ಎಫ್‌ಎಕ್ಸ್ 200ರ ಕಣ್ಣು ಸುಮಾರು 740 ನ್ಯಾನೊಮೀಟರ್‌ಗೆ ಮುಗಿಯುತ್ತದೆ, ರೋಲೈ ಇನ್‌ಫ್ರಾರೆಡ್ 400ರದು ಸುಮಾರು 820ಕ್ಕೆ. 900ರವರೆಗೂ ಹೋಗುತ್ತಿದ್ದ ಕೊಡಕ್ ಎಚ್‌ಐಇ 2007ರಲ್ಲೇ ನಿಂತಿತು. ಆ ಕಾಲದ ಪುಸ್ತಕ ನಂಬಿ 87ನೇ ನಂಬರಿನ ಫಿಲ್ಟರನ್ನು ಎಸ್‌ಎಫ್‌ಎಕ್ಸ್‌ಗೆ ಹಾಕಿದರೆ ರೋಲು ಖಾಲಿ ಬರುತ್ತದೆ. ನಮ್ಮ ಸೀಮೆಗೆ ಎರಡು ಸಾಕು: 25ನೇ ನಂಬರಿನ ಕೆಂಪು, ಮತ್ತು ಬರಿಗಣ್ಣಿಗೆ ಹೆಚ್ಚುಕಡಿಮೆ ಕಪ್ಪಗೇ ಕಾಣುವ ಆರ್72.

ಚಿತ್ರದುರ್ಗದ ಕಲ್ಲಿನ ಕೋಟೆಗೆ ಕೆಂಪೇ ಸರಿ. ಅಲ್ಲಿ ನೋಡಬೇಕಾದದ್ದು ಬಂಡೆ, ಎಲೆಯಲ್ಲ. ಕೆಂಪು ಫಿಲ್ಟರ್ ಮೂರು ಸ್ಟಾಪ್ ನುಂಗಿ ಆಕಾಶವನ್ನು ಬೇಕಾದಷ್ಟು ಕಪ್ಪಾಗಿಸುತ್ತದೆ. ಅದರ ಮೂಲಕವೇ ನೋಡಿ ಚೌಕಟ್ಟು ಕಟ್ಟಬಹುದು. ಬೆಳಗಿನ ಓರೆಬಿಸಿಲಿನಲ್ಲಿ ಗೋಡೆಯ ಉಳಿಪೆಟ್ಟುಗಳು ಎದ್ದು ನಿಲ್ಲುತ್ತವೆ. ಅಂದಹಾಗೆ, ಮಧ್ಯಾಹ್ನ ಕಾದ ಬಂಡೆಯ ಕಾವು ಈ ಫಿಲ್ಮಿನಲ್ಲಿ ಮೂಡುವುದಿಲ್ಲ. ಅದಕ್ಕೆ ಕಾಣುವುದು ಬೆಳಕು, ಶಾಖವಲ್ಲ.

ಆರ್72 ಹೊರತೆಗೆಯಬೇಕಾದದ್ದು ಹೊಸದುರ್ಗದ ತೆಂಗಿನ ತೋಟಗಳಿಗೆ, ಹೊಳಲ್ಕೆರೆಯ ಅಡಿಕೆಗೆ. ಎಲೆ ಈ ಬೆಳಕಿನಲ್ಲಿ ಬೆಳ್ಳಗಾಗುವುದನ್ನು 1910ರಲ್ಲೇ ಭೌತವಿಜ್ಞಾನಿ ರಾಬರ್ಟ್ ವುಡ್ ಚಿತ್ರಗಳಲ್ಲಿ ತೋರಿಸಿದ್ದರು. ಎಲೆಯೊಳಗಿನ ಜೀವಕೋಶಗಳ ನಡುವಿನ ಗಾಳಿಯ ಸಂದುಗಳಿಂದ ಅವಕೆಂಪು ಚೆದುರಿ ಹಿಂದಿರುಗುತ್ತದೆ. ಸೊರಗಿದ ಎಲೆಯಲ್ಲಿ ಆ ಹೊಳಪು ಕುಗ್ಗುತ್ತದೆ. ಇದನ್ನೇ ಹಿಡಿದು ವಿಜ್ಞಾನಿ ಪಿ.ಆರ್. ಪಿಷಾರಟಿಯವರ ತಂಡ 1970ರಲ್ಲಿ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿದು ಬೇರು ಸೊರಗು ರೋಗ ಗುರುತಿಸಿತು. ದೇಶದ ದೂರಸಂವೇದಿ ವಿಜ್ಞಾನ ಮೊಳೆತದ್ದು ಒಂದು ತೆಂಗಿನ ಗರಿಯಿಂದ ಎಂಬುದು ನನಗೆ ಇಂದಿಗೂ ರೋಮಾಂಚನ.

ಸೊರಗಿದ ಎಲೆ ಹೊಳೆಯದು, ಹಾಗಾಗಿ ಬೇಸಗೆಯಲ್ಲಿ ರೋಲು ಹಾಳುಮಾಡಬೇಡಿ. ತೆಳು ನೀಲಿ ಮಬ್ಬನ್ನು ಸೀಳುವ ಅವಕೆಂಪು ದೂಳನ್ನು ಸೀಳದು. ಚಿತ್ತೆ ಮಳೆ ಹೊಯ್ದು ಹೋದ ಮೇಲೆ ಹಿರಿಯೂರಿನ ಮಾರಿಕಣಿವೆಗೆ ಹೋಗಿ: ವಾಣಿವಿಲಾಸ ಸಾಗರದ ನೀರು ಕಾಡಿಗೆಯಂತೆ, ಎರಡೂ ಬದಿಯ ಗುಡ್ಡದ ಕುರುಚಲು ಬೆಳ್ಳಗೆ. ರೋಲೈ ಫಿಲ್ಮಿಗೆ ಆರ್72 ಹಾಕಿದಾಗ ನಾನು ವೇಗವನ್ನು 6 ಎಂದೇ ಎಣಿಸುತ್ತೇನೆ. ಒಳ್ಳೆಯ ಬಿಸಿಲಿನಲ್ಲಿ ಎಫ್/11ಕ್ಕೆ ಒಂದು ಸೆಕೆಂಡಿನ 1/15, ಮುಂದೆ 1/8, 1/4. ಟ್ರೈಪಾಡ್ ಬೇಕೇ ಬೇಕು. ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ, ಲೆನ್ಸಿನ ಮೇಲೆ ಕೆಂಪು ಗುರುತಿದ್ದರೆ ದೂರವನ್ನು ಅದಕ್ಕೆ ಸರಿಸಿ. ಹೊಸದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. 1/8ರಲ್ಲಿ ಗರಿಗಳು ಕಲಸಿಹೋಗುತ್ತವೆ, ಗಾಳಿ ಏಳುವ ಮುನ್ನ ಕೆಲಸ ಮುಗಿಸಬೇಕು.

ಅಡಿಕೆ ತೋಟದ ನೆರಳಿನ ಲೆಕ್ಕವೇ ಬೇರೆ. ಕಣ್ಣಿಗೆ ಕತ್ತಲೆ, ಮೀಟರಿಗೂ ಕತ್ತಲೆ. ಆದರೆ ಸೋಗೆಗಳು ಹಸಿರು ನೀಲಿ ಕೆಂಪನ್ನೆಲ್ಲ ಕುಡಿದು ಅವಕೆಂಪಿನ ದೊಡ್ಡ ಪಾಲನ್ನು ಕೆಳಕ್ಕೆ ಬಿಡುತ್ತವೆ. ಮೀಟರ್ ಹೇಳಿದಷ್ಟು ಕೊಟ್ಟರೆ ನೆಗೆಟಿವ್ ಮಂದವಾಗಿ ಮುಚ್ಚಿಹೋಗುತ್ತದೆ. ಒಂದು ಸ್ಟಾಪ್ ಕಡಿಮೆಯಿಂದ ಆರಂಭಿಸಿ, ಇನ್ನೂ ಒಂದು ಇಳಿಸಿಯೂ ತೆಗೆಯಿರಿ.